ಪಾದ ಪರೀಕ್ಷೆಯಲ್ಲಿ ‘ಹ್ಞೂಂ’ ಎನ್ನುವವರು

ದಾವಣಗೆರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಶುಶ್ರೂಷಕಿಯಾಗಿರುವ ನನ್ನ ಪಾಲಿನ ಕೆಲಸಗಳಲ್ಲಿ ಸಕ್ಕರೆ ಕಾಯಿಲೆ ಇರುವವರ ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸುವುದೂ ಒಂದು. ಇದಕ್ಕೆ ಬಳಸುವ ಮಾನೋಫಿಲಮೆಂಟ್ ಎಂದರೆ ಹಿಡಿಕೆಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ, ಅಷ್ಟೆ. ಚರ್ಮಕ್ಕೆ ಲಂಬವಾಗಿಟ್ಟು ಒತ್ತಿದರೆ ಸುಮಾರು 10 ಗ್ರಾಂ ಬಲಕ್ಕೆ ಅದು ಬಾಗುತ್ತದೆ. ಬಾಗುವಷ್ಟು ಒತ್ತಿದರೂ ರೋಗಿಗೆ ತಿಳಿಯದಿದ್ದರೆ, ಮುಳ್ಳು ಚುಚ್ಚಿದಾಗಲೋ ಬೊಬ್ಬೆ ಎದ್ದಾಗಲೋ ಎಚ್ಚರಿಸಬೇಕಾದ ಸಂವೇದನೆ ಆ ಪಾದದಲ್ಲಿ ಕುಂದಿದೆ ಎಂದು ತಿಳಿಯಬೇಕು. ಕಲಿಯಲು ಹತ್ತು ನಿಮಿಷವೂ ಬೇಡವೆನ್ನಿಸುವ ಈ ಪರೀಕ್ಷೆ ಕೆಡುವುದು ಬಹುಪಾಲು ನಾವು ಪ್ರಶ್ನೆ ಕೇಳುವ ರೀತಿಯಿಂದ ಎಂಬುದು ನನ್ನ ಅನುಭವ.

ನಮ್ಮ ಕಡೆಯ ಹಿರಿಯರಿಗೆ ಮತ್ತೊಬ್ಬರ ಎದುರು ಕಾಲು ಚಾಚುವುದೇ ದೊಡ್ಡ ಮುಜುಗರ. ಅದರಲ್ಲೂ ಸಮವಸ್ತ್ರದಲ್ಲಿರುವ ಹೆಣ್ಣುಮಗಳು ಬಗ್ಗಿ ಪಾದ ಹಿಡಿದರೆ, “ಬ್ಯಾಡವ್ವ, ನನ್ನ ಕಾಲು ನೀ ಯಾಕ್ ಮುಟ್ತಿ” ಎಂದು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇನ್ನು ಕೆಲವರು ನನ್ನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಇಂಥವರನ್ನು “ಗೊತ್ತಾಯ್ತಾ ಅಜ್ಜಾ?” ಎಂದು ಕೇಳಿದರೆ, ಈ ಶಾಸ್ತ್ರ ಬೇಗ ಮುಗಿಯಲಿ ಎಂಬ ಸಂಕೋಚಕ್ಕೋ, ನನಗೆ ಬೇಸರವಾಗಬಾರದೆಂಬ ಸೌಜನ್ಯಕ್ಕೋ, ಎಳೆ ತಾಗುವ ಮೊದಲೇ “ಹ್ಞೂಂ” ಬಂದುಬಿಡುತ್ತದೆ. ಆ ಹ್ಞೂಂ ಅನ್ನು ಹಾಗೆಯೇ ಕಾರ್ಡಿನಲ್ಲಿ ಬರೆದರೆ, ಜೋಮು ಹಿಡಿದ ಪಾದವೂ ಆರೋಗ್ಯವಂತ ಪಾದಗಳ ಲೆಕ್ಕಕ್ಕೆ ಸೇರುತ್ತದೆ.

ಆದ್ದರಿಂದ ಪರೀಕ್ಷೆಗೆ ಮೊದಲು ಎಳೆಯನ್ನು ರೋಗಿಯ ಮುಂಗೈಗೆ ಒತ್ತಿ, ಇದು ಸೂಜಿಯಲ್ಲ, ಹೀಗೆ ಅನ್ನಿಸುತ್ತದೆ ಎಂದು ತೋರಿಸುತ್ತೇನೆ. ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳಿನ ಅಡಿಭಾಗ, ಹೆಬ್ಬೆರಳಿನ ಬುಡದ ಉಬ್ಬು ಮತ್ತು ಕಿರುಬೆರಳಿನ ಬುಡದ ಉಬ್ಬುಗಳಲ್ಲಿ ಒಂದೆರಡು ಸೆಕೆಂಡಿನಷ್ಟು ಒತ್ತುತ್ತೇನೆ. ಪ್ರತಿ ಜಾಗದಲ್ಲಿಯೂ ಮೂರು ಸಲ ಕೇಳಬೇಕು. ಅವುಗಳಲ್ಲಿ ಒಂದು ಸಲವಾದರೂ ಮುಟ್ಟದೆಯೇ ಕೇಳಬೇಕು. ಸುಮ್ಮನೆ ತಿಳಿಯಿತೇ ಎಂದು ಕೇಳಿ ಬಿಡದೆ, ಎಡಗಾಲೋ ಬಲಗಾಲೋ ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಬೇಕು. ಮೂರರಲ್ಲಿ ಎರಡು ಉತ್ತರ ಸರಿಯಾದರೆ ಆ ಜಾಗದಲ್ಲಿ ಸಂವೇದನೆ ಇದೆ, ಎರಡು ತಪ್ಪಾದರೆ ಇಲ್ಲ. ಒಂದೇ ಲಯದಲ್ಲಿ ಮುಟ್ಟುತ್ತ ಹೋದರೆ ರೋಗಿಗಳು ತಾಳ ಹಿಡಿದು ಉತ್ತರಿಸಲು ಕಲಿತುಬಿಡುತ್ತಾರೆ, ಹಾಗಾಗಿ ಬೇಕೆಂದೇ ನಡುವೆ ತಡಮಾಡುತ್ತೇನೆ. ಮುಟ್ಟದೆ ಕೇಳಿದಾಗಲೂ “ಹ್ಞೂಂ, ಬಲಗಾಲು” ಎಂದವರನ್ನು ಗದರಬಾರದು. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುವುದು ಸೋಲಲ್ಲವೆಂದು ಹೇಳಿ ಮತ್ತೆ ಮೊದಲಿನಿಂದ ಆರಂಭಿಸುವುದೇ ಸರಿ.

ಬರಿಗಾಲಿನಲ್ಲಿ ಹೊಲಗದ್ದೆ ತಿರುಗಿದವರ ಪಾದದಲ್ಲಿ ಇನ್ನೊಂದು ತೊಡಕಿದೆ. ಅಂಗಾಲಿನ ಚರ್ಮ ದಪ್ಪಗಟ್ಟಿ, ಅಲ್ಲಲ್ಲಿ ಆಣಿ ಎದ್ದು, ಹಿಮ್ಮಡಿ ಒಡೆದಿರುತ್ತದೆ. ಆಣಿಯ ಮೇಲೆ ಎಳೆ ಒತ್ತಿದರೆ ಆರೋಗ್ಯವಂತರಿಗೂ ತಿಳಿಯದಿರಬಹುದು. ಪಕ್ಕದ ಮೆತ್ತಗಿನ ಚರ್ಮವನ್ನು ಹುಡುಕಬೇಕು. ಇಂಥವರಲ್ಲಿ 128 ಹರ್ಟ್ಸ್‌ನ ಶ್ರುತಿಕವೆ (ತಟ್ಟಿದರೆ ಕಂಪಿಸುವ ಲೋಹದ ಕವೆ, ಟ್ಯೂನಿಂಗ್ ಫೋರ್ಕ್) ನನಗೆ ಹೆಚ್ಚು ಭರವಸೆ ಕೊಡುತ್ತದೆ, ಏಕೆಂದರೆ ಅದನ್ನು ಇಡುವುದು ಹೆಬ್ಬೆರಳಿನ ಮೇಲ್ಭಾಗದ ಮೂಳೆಯ ಮೇಲೆ, ಅಲ್ಲಿ ಚರ್ಮ ತೆಳು. ಆದರೆ ಅಲ್ಲಿಯೂ ಹ್ಞೂಂ ಎನ್ನುವವರು ಲೋಹದ ತಂಪಿಗೆ ಹ್ಞೂಂ ಎನ್ನುತ್ತಿರಬಹುದು. ಕಂಪಿಸದ ಕವೆಯನ್ನೂ ಒಂದು ಸಲ ಇಟ್ಟು ನೋಡಿದರೆ ಅದು ಬಯಲಾಗುತ್ತದೆ. ಕಂಪನವನ್ನು ಹಂತಹಂತವಾಗಿ ಏರಿಸಿ ಅದು ಯಾವಾಗ ತಿಳಿಯಿತೆಂದು ವೋಲ್ಟ್‌ಗಳಲ್ಲಿ ಅಳೆಯುವ ಯಂತ್ರವಾದ ಬಯೋಥಿಸಿಯೋಮೀಟರ್ ಇರುವಲ್ಲಿ ಕಂಪನ 25 ವೋಲ್ಟ್ ದಾಟಿದ ಮೇಲೆಯೇ ತಿಳಿಯುವವರಿಗೆ ಹುಣ್ಣಿನ ಅಪಾಯ ಹೆಚ್ಚೆಂದು ಪರಿಗಣಿಸುತ್ತಾರೆ. ಅಂಕಿಯಲ್ಲಿ ಉತ್ತರ ಬರುವುದರಿಂದ ಆ ಯಂತ್ರದ ಮೇಲೆ ಎಲ್ಲರಿಗೂ ನಂಬಿಕೆ. ಅದೂ ರೋಗಿಯ ಮಾತನ್ನೇ ಅವಲಂಬಿಸಿದೆ ಎಂಬುದು ಮಾತ್ರ ಮರೆತುಹೋಗುತ್ತದೆ. ಎಳೆಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು: ಒಂದೇ ಎಳೆಯನ್ನು ಬಿಡುವಿಲ್ಲದೆ ಬಳಸಿದರೆ ಅದು ದಣಿದು, 10 ಗ್ರಾಂಗಿಂತ ಕಡಿಮೆ ಬಲಕ್ಕೇ ಬಾಗುತ್ತದೆ. ಸುಮಾರು ಹತ್ತು ಜನರ ಪರೀಕ್ಷೆಯಾದ ಮೇಲೆ ಅದಕ್ಕೆ ಒಂದು ದಿನದ ವಿಶ್ರಾಂತಿ ಕೊಡಬೇಕು.

ಪಾದ ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ ಎನ್ನುವವರು ತಾವಾಗಿಯೇ ಬರುತ್ತಾರೆ. ಏನೂ ಅನ್ನಿಸದವರು ಬರುವುದಿಲ್ಲ, ಬಂದರೂ ಕಾಲಿನ ಮಾತೆತ್ತುವುದಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದವರೊಬ್ಬರು ಕಾಲಿಗೇನೂ ತೊಂದರೆಯಿಲ್ಲವೆಂದು ಖಡಾಖಂಡಿತವಾಗಿ ಹೇಳಿ ಮುಗಿಸುವಷ್ಟರಲ್ಲಿ, ಪಕ್ಕದಲ್ಲಿದ್ದ ಹೆಂಡತಿ, “ಬಸ್‌ಸ್ಟ್ಯಾಂಡಿನಾಗ ಒಂದು ಚಪ್ಪಲಿ ಕಳಚಿ ಬಿದ್ದೈತಿ ಸಿಸ್ಟರ್, ಇವರು ಹಂಗೇ ನಡಕೊಂತ ಹೋಗ್ಯಾರ” ಎಂದರು. ಎಡಗಾಲಿನ ಮೂರೂ ಜಾಗಗಳಲ್ಲಿ ಅವರಿಗೆ ಎಳೆ ತಿಳಿಯಲಿಲ್ಲ. ಕಳಚಿಟ್ಟಿದ್ದ ಹವಾಯಿ ಚಪ್ಪಲಿಯನ್ನು ತಿರುಗಿಸಿ ನೋಡಿದರೆ ಬಳ್ಳಾರಿ ಜಾಲಿಯ ಮುಳ್ಳೊಂದು ಅಡಿಯಿಂದ ಹೊಕ್ಕು ಮೇಲೆ ತುದಿ ತೋರಿಸುತ್ತಿತ್ತು. ಅದಕ್ಕೆ ಸರಿಯಾಗಿ ಅಂಗಾಲಿನಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಈಗ ಚಪ್ಪಲಿ ಗೊತ್ತಿಲ್ಲದೆ ಕಳಚುತ್ತದೆಯೇ ಎಂಬ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತೇನೆ, ಸಾಧ್ಯವಾದರೆ ಜೊತೆಗೆ ಬಂದವರಿಗೆ ಕೇಳುತ್ತೇನೆ, ಮತ್ತು ಪಾದದ ಜೊತೆಗೆ ಚಪ್ಪಲಿಯನ್ನೂ ನೋಡುತ್ತೇನೆ.

ತೊಂದರೆ ಹೇಳಿಕೊಳ್ಳದವರನ್ನೂ ಹುಡುಕಬೇಕಾದ್ದರಿಂದಲೇ ಟೈಪ್ 2 ಮಧುಮೇಹದವರಿಗೆ ಕಾಯಿಲೆ ಪತ್ತೆಯಾದಾಗಲೇ, ಟೈಪ್ 1 ಇರುವವರಿಗೆ ಐದು ವರ್ಷದ ನಂತರ, ಆಮೇಲೆ ಇಬ್ಬರಿಗೂ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ನಡೆಯಬೇಕು. ಮಧುಮೇಹದ ನರಹಾನಿ ಸಾಮಾನ್ಯವಾಗಿ ಎರಡೂ ಪಾದಗಳ ಬೆರಳುಗಳಲ್ಲಿ ಆರಂಭವಾಗಿ ಮೇಲಕ್ಕೆ ಏರುತ್ತದೆ. ಮರಗಟ್ಟುವಿಕೆ ಒಂದೇ ಕಾಲಿನಲ್ಲಿದ್ದರೆ ಅಥವಾ ತೇಪೆ ತೇಪೆಯಾಗಿದ್ದರೆ ಕುಷ್ಠ ಮೊದಲಾದ ಬೇರೆ ಕಾರಣಗಳನ್ನೂ ವೈದ್ಯರು ನೋಡಬೇಕಾಗುತ್ತದೆ. ಬಹುಕಾಲ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಬಿ12 ಕೊರತೆಯಿಂದಲೂ ಜೋಮು ಬರಬಹುದು.

ಸಂವೇದನೆ ಕುಂದಿದೆಯೆಂದು ತಿಳಿದ ಮೇಲೆ ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ) ಚಪ್ಪಲಿ, ದಿನವೂ ಪಾದ ನೋಡಿಕೊಳ್ಳುವುದು, ಬಿಸಿನೀರಿಗೆ ಕಾಲಿಡುವ ಮುನ್ನ ಬೇರೆಯವರ ಕೈಯಿಂದ ಶಾಖ ನೋಡಿಸುವುದು, ಇವನ್ನೆಲ್ಲ ಒಪ್ಪಿಸಬಹುದು. ಒಪ್ಪಿಸಲು ಕಷ್ಟವಾಗುವುದು ಹರಕೆಯ ವಿಷಯದಲ್ಲಿ. ಫಾಲ್ಗುಣದ ಬಿಸಿಲಿನಲ್ಲಿ ನಾಯಕನಹಟ್ಟಿ ಜಾತ್ರೆಗೆ ಬರಿಗಾಲಿನಲ್ಲಿ ಹೋಗುತ್ತೇನೆಂದು ಹೊತ್ತವರಿಗೆ ಹೋಗಬೇಡಿ ಎಂದರೆ, ಅವರು ಮುಂದಿನ ಸಲ ನಮ್ಮ ಬಳಿ ಹೇಳದೆಯೇ ಹೋಗುತ್ತಾರೆ. ಗುಡಿಯವರೆಗೆ ಚಪ್ಪಲಿಯಲ್ಲಿ ಹೋಗಿ, ಕಲ್ಲು ಕಾಯುವ ಮೊದಲೇ, ಬೆಳಗಿನ ಹೊತ್ತಿನಲ್ಲಿ, ದಪ್ಪ ಕಾಲುಚೀಲ ಹಾಕಿ ದರ್ಶನ ಮುಗಿಸಿ, ಅದೇ ದಿನ ಸಂಜೆ ಮಗನಿಂದಲೋ ಸೊಸೆಯಿಂದಲೋ ಅಂಗಾಲು ನೋಡಿಸಿಕೊಳ್ಳಿ ಎಂದರೆ ಕೆಲವರಾದರೂ ಕೇಳುತ್ತಾರೆ.