ಗೋಲ್‌ಕೀಪರ್ ಮತ್ತೆ ಓಡಾಡುತ್ತಿದ್ದಾನೆ: 1994ರ ಪಿನ್‌ಬಾಲ್, ಆರನೇ ವಾರ

ನಿನ್ನೆ ರಾತ್ರಿ ಹನ್ನೊಂದಕ್ಕೆ, ನಾನು ರಿಪೇರಿ ಮಾಡುತ್ತಿರುವ ಪಿನ್‌ಬಾಲ್ ಮೆಷಿನ್‌ನೊಳಗಿನ ಗೋಲ್‌ಕೀಪರ್ ಕದಲಿದ. ಇಷ್ಟು ದಿನ ಎಡಗಡೆ ಕಂಬದ ಹತ್ತಿರ ಸಿಕ್ಕಿಕೊಂಡು ನಿಂತಿದ್ದವನು ಸರ್ರನೆ ಬಲಕ್ಕೆ ಹೋಗಿ ವಾಪಸ್ ಬಂದ. ಬೇಸ್‌ಮೆಂಟಿನಲ್ಲಿ ಒಬ್ಬನೇ ಇದ್ದೆ, ಆದರೂ ಜೋರಾಗಿ ಕೂಗಿಬಿಟ್ಟೆ.

ಹೊಸಬರಿಗೆ ಹೇಳಬೇಕಲ್ಲ: ಪಿನ್‌ಬಾಲ್ ಅಂದರೆ ಇಳಿಜಾರು ಹಲಗೆಯ ಮೇಲೆ ಉರುಳುವ ಚೆಂಡನ್ನು ಫ್ಲಿಪ್ಪರ್‌ಗಳಿಂದ, ಅಂದರೆ ಗುಂಡಿ ಒತ್ತಿದರೆ ಏಳುವ ಪುಟ್ಟ ಪಟ್ಟಿಗಳಿಂದ, ಹೊಡೆಯುವ ಆಟ. ಇದು 1994ರಲ್ಲಿ ಬ್ಯಾಲಿ ಹೆಸರಿನಲ್ಲಿ ಬಂದ 'ವರ್ಲ್ಡ್ ಕಪ್ ಸಾಕರ್'. ವಿನ್ಯಾಸ ಜಾನ್ ಪೊಪಾಡ್ಯುಕ್ ಅವರದು. ಒಟ್ಟು ತಯಾರಾಗಿದ್ದು 8,743. ಶಿಕಾಗೋದ ಮೆಷಿನ್, ಈಗ ಶಿಕಾಗೋ ಪಕ್ಕದ ನಮ್ಮ ಮನೆಯಲ್ಲೇ ಇದೆ.

ಮೋಟಾರ್ ಕೆಟ್ಟಿದೆ ಅಂದುಕೊಂಡಿದ್ದೆ. ಬಿಚ್ಚಿ ನೋಡಿದರೆ ಮೋಟಾರ್ ಚೆನ್ನಾಗಿಯೇ ಇತ್ತು. ಕೀಪರನ್ನು ತಳ್ಳುವ ತೋಳಿನ ಮೇಲೆ ಯಾರೋ ಹಚ್ಚಿದ್ದ ಗ್ರೀಸ್ ಬೆಲ್ಲದ ಗಟ್ಟಿ ಪಾಕದ ಹಾಗೆ ಹಿಡಿದುಕೊಂಡಿತ್ತು. ಹಲ್ಲುಜ್ಜುವ ಬ್ರಷ್, ಆಲ್ಕೋಹಾಲ್, ಎರಡು ಗಂಟೆ. ಅಷ್ಟೇ ಕೆಲಸ. ಮೆಷಿನ್‌ನ ಮಿದುಳಾದ ಸಿಪಿಯು ಬೋರ್ಡಿನ ಮೇಲಿನ ಮೂರು ಎಎ ಸೆಲ್‌ಗಳನ್ನೂ ತೆಗೆದು, ವೈರ್ ಎಳೆದು, ಬೋರ್ಡಿನಿಂದ ದೂರ ಇಟ್ಟೆ. ಸೆಲ್ ಸೋರಿ ಬೋರ್ಡ್ ತಿಂದುಹಾಕುವುದು ಈ ಕಾಲದ ಮೆಷಿನ್‌ಗಳಲ್ಲಿ ತುಂಬಾ ಜಾಸ್ತಿ.

ಆಮೇಲೆ ರಾತ್ರಿ ಒಂದು ಗಂಟೆಯ ತನಕ ಆಡಿದೆ. ಈ ಮೆಷಿನ್‌ನ ಜಾಣತನ ಪೂರ್ತಿ ಗೊತ್ತಾಗಿದ್ದು ಆಗಲೇ. ಕೀಪರ್ ನಿಂತಿದ್ದಾಗ ಗೋಲ್ ಹೊಡೆಯುವುದು ಸುಮ್ನೆ ಗುರಿ ಇಡುವ ಕೆಲಸವಾಗಿತ್ತು. ಈಗ ಕಾಯಬೇಕು. ಚೆಂಡು ಬಂದ ವೇಗದಲ್ಲೇ ಹೊಡೆದರೆ ಸಾಮಾನ್ಯವಾಗಿ ಅವನ ಎದೆಗೇ ಬಡಿದು ನೇರ ಫ್ಲಿಪ್ಪರ್‌ಗಳ ನಡುವಿನ ಕಂದಕಕ್ಕೆ ಬಿದ್ದು ಕಳೆದುಹೋಗುತ್ತದೆ. ಅದಕ್ಕೇ ಫ್ಲಿಪ್ಪರ್ ಎತ್ತಿ ಹಿಡಿದು ಚೆಂಡನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ. ಕೀಪರ್ ಒಂದು ತುದಿ ಮುಟ್ಟುವ ಸ್ವಲ್ಪ ಮುಂಚೆ ಬಿಡುತ್ತೇನೆ, ಖಾಲಿಯಾದ ಮೂಲೆಗೆ ಹೊಡೆಯುತ್ತೇನೆ. ಚೆಂಡು ಫ್ಲಿಪ್ಪರ್ ತುದಿಗೆ ಜಾರಿದಷ್ಟೂ ಹೊಡೆತ ಆಚೆ ಬದಿಗೆ ಹೋಗುತ್ತದೆ ಎನ್ನುವುದು ನೆನಪಿರಬೇಕು.

ನಡುವೆ ಗಿರಗಿರ ತಿರುಗುವ ದೊಡ್ಡ ಫುಟ್‌ಬಾಲ್ ಬೇರೆ ಇದೆ. ಅದು ಎರಡೂ ದಿಕ್ಕಿಗೆ ತಿರುಗಬಲ್ಲದು. ತಗುಲಿದರೆ ಚೆಂಡನ್ನು ಪಕ್ಕಕ್ಕೆ ಎಸೆದುಬಿಡುತ್ತದೆ. ಕ್ಯಾರಂ ಆಡಿ ಬೆಳೆದ ಕೈ ಬೋರ್ಡಿನ ಅಂಚಿನಿಂದ ಚೆಂಡು ಎಲ್ಲಿಗೆ ಮರಳುತ್ತದೆ ಎಂದು ಲೆಕ್ಕ ಹಾಕುತ್ತದೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಂದ ಹಾಗೆ, ಕ್ಯಾರಂನ ಸ್ಟ್ರೈಕರ್ ಹಾಗೆಯೇ, 1994ರ ಫುಟ್‌ಬಾಲ್ ವಿಶ್ವಕಪ್ಪಿನ ಮ್ಯಾಸ್ಕಾಟ್ ನಾಯಿಮರಿಯ ಹೆಸರೂ ಸ್ಟ್ರೈಕರ್!

ಆಟದ ದಾರಿ ಶಿಕಾಗೋದಿಂದ ಶುರುವಾಗಿ ಲಾಸ್ ಏಂಜಲೀಸ್‌ಗೆ ಹೋಗುತ್ತದೆ. ಕೊನೆಯಲ್ಲಿ ಎದುರಾಳಿ ಜರ್ಮನಿ. ಮೆಷಿನ್ ಬಂದಿದ್ದು ಟೂರ್ನಿಗೂ ಮೊದಲು, ಆಗ ಚಾಂಪಿಯನ್ ಜರ್ಮನಿಯೇ ಅಲ್ವಾ. ನಿಜವಾದ ಕಪ್ಪಿನಲ್ಲಿ ಜರ್ಮನಿ ಕ್ವಾರ್ಟರ್‌ಫೈನಲ್‌ನಲ್ಲಿ ಬಲ್ಗೇರಿಯಾ ಎದುರು 2-1ರಲ್ಲಿ ಸೋತಿತು. ಪೆನಾಲ್ಟಿಯಲ್ಲಿ ಇಟಲಿಯನ್ನು ಸೋಲಿಸಿ ಗೆದ್ದಿದ್ದು ಬ್ರೆಜಿಲ್. ನಮ್ಮ ಬೇಸ್‌ಮೆಂಟಿನಲ್ಲಿ ಮಾತ್ರ ಜರ್ಮನಿ ಇನ್ನೂ ಫೈನಲ್‌ಗೆ ಕಾಯುತ್ತಿದೆ. ನಾನಿನ್ನೂ ಅಲ್ಲಿಗೆ ತಲುಪಿಲ್ಲ.

ಎಡ ಫ್ಲಿಪ್ಪರ್ ಬಿಸಿಯಾದ ಮೇಲೆ ಸೋಲುತ್ತಿದೆ, ಚೆಂಡು ರ‍್ಯಾಂಪ್, ಅಂದರೆ ಏರುದಾರಿ, ಹತ್ತುವಷ್ಟು ಬಲ ಇರುವುದಿಲ್ಲ. ಅದಕ್ಕೆ ಬೇಕಾದ ಬಿಡಿಭಾಗಗಳಾದ ಕಾಯಿಲ್ ಸ್ಲೀವ್, ಲಿಂಕ್ ಎರಡೂ ಬಂದಿವೆ. ಶನಿವಾರ ಬಿಚ್ಚುತ್ತೇನೆ.