ಸ್ವರ್ಣಾ ಹೊಳೆಯ ಆಚೆ ಈಚೆ

ಉಡುಪಿಯಿಂದ ಬ್ರಹ್ಮಾವರ ದೂರವೇನಲ್ಲ. ಹೈವೇಯಲ್ಲಿ ಸುಮ್ನೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಚಹಾ ಆರುವುದರೊಳಗೆ ಇಳಿಯಬಹುದು. ಆದರೆ ನಾನು ಹೊರಟದ್ದು ಇಲ್ಲಿನ ಕೊಂಕಣಿ ಕ್ರೈಸ್ತರನ್ನು ಎರಡು ಸಭೆಗಳಾಗಿ ಒಡೆದ ಒಂದು ಹಳೇ ಜಗಳದ ಜಾಡು ಹಿಡಿದು. ಅದಕ್ಕೇ ಕಲ್ಯಾಣಪುರದಲ್ಲೇ ಇಳಿದೆ. ಜಗಳದ ಒಂದು ತುದಿ ಸ್ವರ್ಣಾ ಹೊಳೆಯ ಈ ದಡದಲ್ಲಿದೆ, ಇನ್ನೊಂದು ಆ ದಡದಲ್ಲಿ.

ಈ ದಡದಲ್ಲಿ ಮಿಲಾಗ್ರಿಸ್ ಇಗರ್ಜಿ, ಅಂದರೆ ಚರ್ಚು, ಇದೆ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಆದಾಗಿನಿಂದ ಇದು ಕೆಥೆಡ್ರಲ್, ಬಿಷಪ್ಪರ ಮುಖ್ಯ ಚರ್ಚು. ಕರಾವಳಿಯ ಕೊಂಕಣಿ ಕ್ರೈಸ್ತರ ಮೂಲ ಗೋವಾ ಅನ್ನೋದು ಎಲ್ಲರಿಗೂ ಗೊತ್ತು. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಟಿಪ್ಪು ಸತ್ತ ಮೇಲೆ ಬದುಕುಳಿದವರು ವಾಪಸ್ ಬಂದರು, ಮತ್ತೆ ಇಗರ್ಜಿ ಕಟ್ಟಿಕೊಂಡರು. ಅಷ್ಟೆಲ್ಲ ಆದರೂ ಗೋವಾದ ನಂಟು ಹರಿಯಲಿಲ್ಲ. ಪಾದ್ರಿ ಗೋವಾದವರು, ಪ್ರಾರ್ಥನೆಯ ಧಾಟಿ ಗೋವಾದ್ದು, ದೊಡ್ಡ ಯಜಮಾನರು ಗೋವಾದ ಆರ್ಚ್‌ಬಿಷಪ್.

ಜಗಳದ ಬೀಜ ಇರೋದು ಇಲ್ಲೇ. ಪೂರ್ವದ ದೇಶಗಳಲ್ಲಿ ಚರ್ಚಿನ ಖರ್ಚು ನೋಡಿಕೊಳ್ಳುವುದಕ್ಕೆ ಪ್ರತಿಯಾಗಿ ಬಿಷಪ್ ಯಾರಾಗಬೇಕು ಎಂದು ಹೇಳುವ ಹಕ್ಕನ್ನು ರೋಮ್ ಹಿಂದೆ ಪೋರ್ಚುಗಲ್ ರಾಜನಿಗೆ ಕೊಟ್ಟಿತ್ತು. ಅದಕ್ಕೆ ಪದ್ರುವಾದೊ ಅಂತಾರೆ. ಬರಬರುತ್ತ ಪೋರ್ಚುಗಲ್ ಸೊರಗಿತು. ರೋಮ್ 1622ರಲ್ಲಿ ಪ್ರೊಪಗಾಂಡಾ ಎಂಬ ತನ್ನದೇ ಇಲಾಖೆ ಮಾಡಿ ನೇರವಾಗಿ ಪಾದ್ರಿಗಳನ್ನು ಕಳಿಸತೊಡಗಿತು. ಹಕ್ಕನ್ನು ಬಿಟ್ಟುಕೊಡಲು ಗೋವಾ ಒಪ್ಪಬೇಕಲ್ಲ! ಹಾಗಾಗಿ ಒಂದೇ ಸೀಮೆಯಲ್ಲಿ ಎರಡು ಆಳ್ವಿಕೆ. ಒಂದೂರಿನ ಇಗರ್ಜಿ ಗೋವಾದ ಕೈಯಲ್ಲಿ, ಪಕ್ಕದೂರಿನದು ಪ್ರೊಪಗಾಂಡಾ ಬಿಷಪ್ಪರ ಕೈಯಲ್ಲಿ. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ಕೂತು ಒಪ್ಪಂದ ಮಾಡಿಕೊಂಡವು. ಅದೇ ಸೆಪ್ಟೆಂಬರಿನಲ್ಲಿ ಮಂಗಳೂರು ಪೂರ್ಣ ಧರ್ಮಪ್ರಾಂತ್ಯ ಆಯಿತು. ಕೆನರಾದಲ್ಲಿ, ಅಂದರೆ ಈ ಕರಾವಳಿಯಲ್ಲಿ, ಗೋವಾಕ್ಕೆ ಸೇರಿದ್ದ ಇಗರ್ಜಿಗಳು ಮಂಗಳೂರಿಗೆ ಹೋದವು. ಅಲ್ಲಿ ಆಗ ಇದ್ದವರು 1878ರ ಕೊನೇ ದಿನ ಬಂದಿಳಿದಿದ್ದ ಇಟಲಿಯ ಜೆಸ್ವಿಟ್ ಪಂಗಡದ ಪಾದ್ರಿಗಳು.

ಸಹಿ ಬಿದ್ದದ್ದು ರೋಮಿನಲ್ಲಿ. ಬದಲಾದದ್ದು ಇಲ್ಲಿಯ ಜನರ ಯಜಮಾನರು. ಇವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕಲ್ಯಾಣಪುರ, ಬ್ರಹ್ಮಾವರದ ಕಡೆಯ ಒಂದು ಗುಂಪು 'ಆಗೋದಿಲ್ಲ' ಅಂತ ಕೂತಿತು.

ಸೇತುವೆಯನ್ನು ನಡೆದೇ ದಾಟಿದೆ. ಲಾರಿಗಳ ಅಬ್ಬರಕ್ಕೆ ಹೊಳೆ ನೋಡುವ ಸುಖವೂ ಸಿಗಲಿಲ್ಲ. ಉಪ್ಪೂರಿನಲ್ಲಿ ಗೋಳಿಬಜೆ ತಿಂದು ಮತ್ತೆ ಬಸ್ಸು ಹತ್ತಿದೆ. 'ಸಿರಿಯನ್ ಚರ್ಚ್' ಅಂದದ್ದಕ್ಕೆ ಕಂಡಕ್ಟರ್ ಟಿಕೆಟ್ ಹರಿಯುತ್ತ, 'ಬಸ್‌ಸ್ಟ್ಯಾಂಡಲ್ಲೇ ಇಳೀರಿ ಮಾರಾಯ್ರೇ, ಯಾರನ್ನ ಕೇಳಿದ್ರೂ ಹೇಳ್ತಾರೆ' ಅಂದ. ಬ್ರಹ್ಮಾವರದಲ್ಲಿ ಅದು ನಿಜ. ಇಲ್ಲಿನ ಕ್ರಾಸ್‌ಲ್ಯಾಂಡ್ ಕಾಲೇಜೂ ಇದೇ ಸಮುದಾಯದ್ದು.

ಸೇಂಟ್ ಮೇರೀಸ್ ಸಿರಿಯನ್ ಕೆಥೆಡ್ರಲ್ಲಿನಲ್ಲಿ ಭಾನುವಾರದ ಪೂಜೆ ನಡೆದಿತ್ತು. ಚಪ್ಪಲಿ ಹೊರಗೆ ಬಿಟ್ಟು ಹಿಂದೆ ನಿಂತೆ. ಪೀಠದ ಮುಂದೆ ಒಂದು ಪರದೆ. ಎಳೆದರೆ ಎಲ್ಲ ಮರೆ, ಸರಿಸಿದರೆ ದೀಪಗಳ ಬೆಳಕು. ಪಾದ್ರಿಯ ಪಕ್ಕ ನಿಂತ ಹುಡುಗರ ಕೈಯಲ್ಲಿ ಉದ್ದ ಕೋಲು, ತುದಿಯಲ್ಲಿ ಲೋಹದ ಬಿಲ್ಲೆ, ಬಿಲ್ಲೆಯ ಅಂಚಿಗೆಲ್ಲ ಪುಟ್ಟ ಗೆಜ್ಜೆ. ಮುಖ್ಯ ಘಟ್ಟ ಬಂದಾಗಲೆಲ್ಲ ಅದನ್ನು ಗಲಗಲ ಅಲ್ಲಾಡಿಸುತ್ತಾರೆ. ಜನ 'ಕುರಿಯೇಲೈಸೋನ್' (ಪ್ರಭುವೇ, ಕರುಣೆ ತೋರು) ಅಂತ ದನಿ ಎತ್ತುತ್ತಾರೆ. ಇದೆಲ್ಲ ಕೇರಳದ ಕೋಟ್ಟಯಂ ಕಡೆಯ ಸಿರಿಯನ್ ಕ್ರೈಸ್ತರಲ್ಲಿ ನೋಡುವಂಥದ್ದು. ಆದರೆ ನಡುನಡುವೆ ಬರುವ ಪ್ರಾರ್ಥನೆ ಕೊಂಕಣಿ, ಅದೂ ಹೊಳೆಯಾಚೆ ಮಿಲಾಗ್ರಿಸ್‌ನಲ್ಲಿ ಬೆಳಿಗ್ಗೆ ಕೇಳಿ ಬಂದ ಅದೇ ಕೊಂಕಣಿ. ಅಡ್ಡಹೆಸರುಗಳೂ ಅವೇ, ಡಿಸೋಜ, ಲೂಯಿಸ್, ಫೆರ್ನಾಂಡಿಸ್. ನನಗೆ ಮೈ ಜುಮ್ಮೆಂದಿತು ಅಂತೇನೂ ಹೇಳಲಾರೆ, ತಮಾಷೆ ಅನ್ನಿಸಿತು. ಗೋವಾವನ್ನು ಬಿಟ್ಟು ಮಂಗಳೂರಿಗೆ ಸೇರಲು ಒಲ್ಲೆ ಎಂದವರು ಕೊನೆಗೆ ಕೋಟ್ಟಯಂ ಮೂಲಕ ಸಿರಿಯನ್ ಸಭೆಯ ಮೂಲಪೀಠವಾದ ಅಂತಿಯೋಕ್ಯದ ತನಕ ಹೋಗಿಬಿಟ್ಟರು. ಏನೂ ಬದಲಾಗಬಾರದು ಅಂತ ಹಟ ಹಿಡಿದವರೇ ಎಲ್ಲರಿಗಿಂತ ಜಾಸ್ತಿ ಬದಲಾದರು, ಅಲ್ವಾ?

ಹಾಗೆ ಹೋಗಲು ದಾರಿ ತೆರೆದವರು ಅಂತೋನಿಯೊ ಫ್ರಾನ್ಸಿಸ್ಕೊ ಝೇವಿಯರ್ ಅಲ್ವಾರಿಸ್. 1836ರಲ್ಲಿ ಗೋವಾದ ವೆರ್ಣದಲ್ಲಿ ಹುಟ್ಟಿದ ಕಥೋಲಿಕ ಪಾದ್ರಿ. ಪತ್ರಿಕೆ ನಡೆಸುವ ಚಟ. ಬರೆದದ್ದು ಮೇಲಿನವರಿಗೆ ರುಚಿಸಲಿಲ್ಲ, ಆರ್ಚ್‌ಬಿಷಪ್ಪರ ಜೊತೆ ಕೆಟ್ಟಿತು. ಒಪ್ಪಂದದ ಮೇಲೂ ಸಿಟ್ಟಿತ್ತು. ಕೋಟ್ಟಯಂಗೆ ಹೋಗಿ ಕೇರಳದ ಸಿರಿಯನ್ ಕ್ರೈಸ್ತರ ಮಲಂಕರ ಸಭೆಯ ಬಾಗಿಲು ತಟ್ಟಿದರು. 1889ರ ಜುಲೈ 28ರಂದು ಅಲ್ಲಿ ಅವರಿಗೆ ಬಿಷಪ್ ಪಟ್ಟ ಕಟ್ಟಿದರು. ಪಟ್ಟ ಕಟ್ಟಿದವರಲ್ಲಿ ಪರುಮಲದ ಮಾರ್ ಗ್ರೆಗೋರಿಯೋಸ್ ಕೂಡ ಇದ್ದರು. ಹೊಸ ಹೆಸರು ಮಾರ್ ಜೂಲಿಯಸ್. ಗೋವಾ, ಇಂಡಿಯಾ, ಸಿಲೋನಿಗೆಲ್ಲ ಮೆಟ್ರೊಪಾಲಿಟನ್, ಅಂದರೆ ಹಿರಿಯ ಬಿಷಪ್. ಅವರ ಜೊತೆಗಿದ್ದ ಪಾದ್ರಿ ರೋಕ್ ಝೆಫ್ರಿನ್ ನೊರೋನ್ಹಾ ಬ್ರಹ್ಮಾವರದ ಮಂದೆಯನ್ನು 1936ರಲ್ಲಿ ತೀರಿಕೊಳ್ಳುವ ತನಕ ಕಾದರು.

ಮೊದಮೊದಲು ಬ್ರಹ್ಮಾವರದವರು ಹಳೇ ಲ್ಯಾಟಿನ್ ಪದ್ಧತಿಯಲ್ಲೇ ಪೂಜೆ ಮಾಡುತ್ತಿದ್ದರು. ಅದಕ್ಕೆ ಒಪ್ಪಿಗೆ ಇತ್ತು. ಸಿರಿಯನ್ ಪದ್ಧತಿ ನಿಧಾನಕ್ಕೆ ಬಂತು. ಇದನ್ನು ನಾನು ಮುಖ್ಯ ಅಂದುಕೊಂಡಿದ್ದೇನೆ. ನಂಬಿಕೆ ಬದಲಾಗಬೇಕು ಎಂದು ಇವರು ಎದ್ದು ಹೋದವರಲ್ಲ. ತಮ್ಮ ಮೇಲೆ ಯಾರ ಅಧಿಕಾರ ಎನ್ನುವುದನ್ನು ತಾವೂ ಒಂದಿಷ್ಟು ಹೇಳಬೇಕು ಅಂದರು, ಅಷ್ಟೇ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಸಿಕ್ಕ ಹಿರಿಯರೊಬ್ಬರನ್ನು, 'ಆಚೆ ಕಡೆಯವರ ಜೊತೆ ಹೇಗೆ?' ಎಂದು ಕೇಳಿದೆ. 'ನನ್ನ ಸೊಸೆ ಆಚೆಯವಳೇ' ಎಂದು ನಕ್ಕರು. 'ಹಿಂದೆ ಆಗ್ತಿರಲಿಲ್ಲ. ಸತ್ತರೂ ಹೋಗ್ತಿರಲಿಲ್ಲ ನಮ್ಮಜ್ಜ.' ಆಮೇಲೆ ಮಾತು ಮೀನಿನ ರೇಟಿನ ಕಡೆ ಹೊರಳಿತು.

2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆ ಬ್ರಹ್ಮಾವರವನ್ನೇ ಒಂದು ಧರ್ಮಪ್ರಾಂತ್ಯ ಮಾಡಿತು.

ಅಲ್ವಾರಿಸರ ಸಮಾಧಿ ನೋಡದೆ ಬಿಡಬಾರದು ಅನ್ನಿಸಿ ಕೊಂಕಣ ರೈಲು ಹತ್ತಿದೆ. ಕರ್ಮಲಿಯಲ್ಲಿ ಇಳಿದರೆ ಹಳೇ ಗೋವಾ. ಅಲ್ಲಿಂದ ಪಣಜಿ ದಾರಿಯಲ್ಲಿ, ಮಾಂಡವಿ ಹೊಳೆಯ ಪಕ್ಕ, ರಿಬಂದರ್. ಗೋವಾದಲ್ಲಿ ಅಲ್ವಾರಿಸರಿಗೆ ಸುಖವಾಗಿರಲು ಬಿಡಲಿಲ್ಲ. ಸರ್ಕಾರ ಹಿಡಿದು ಜೈಲಿಗೆ ಹಾಕಿತು. ಬಿಷಪ್ಪರ ಉಡುಪು ತೊಡಬೇಡಿ ಎಂದಿತು. ಅವರು ಮಾತ್ರ ಪಣಜಿಯಲ್ಲಿ ನಿರ್ಗತಿಕರನ್ನು ಸಾಕಿದರು, ಕಾಲರಾ ಬಂದಾಗ ಏನು ಮಾಡಬೇಕೆಂದು ಪುಸ್ತಿಕೆ ಬರೆದರು, ಬಡವರ ಹೊಟ್ಟೆಗಾಗುತ್ತದೆ ಎಂದು ಮರಗೆಣಸು ಬೆಳೆಯಲು ಹೇಳಿದರು. 1923ರ ಸೆಪ್ಟೆಂಬರ್ 23ರಂದು ರಿಬಂದರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ತನ್ನ ಶವಸಂಸ್ಕಾರಕ್ಕೆ ಕಥೋಲಿಕ ಪಾದ್ರಿಗಳು ಬರಬಾರದು ಎಂದು ಮೊದಲೇ ಹೇಳಿಟ್ಟಿದ್ದರು. ಆದರೂ ಮೆರವಣಿಗೆಗೆ ಊರಿಗೆ ಊರೇ ಬಂದಿತ್ತು.

ಚರ್ಚು ಹುಡುಕಲು ಸ್ವಲ್ಪ ಸುತ್ತಬೇಕಾಯಿತು. ಒಂದು ಗೂಡಂಗಡಿಯಲ್ಲಿ ನೀರಿನ ಬಾಟ್ಲಿ ಕೊಂಡು, ಅಲ್ವಾರಿಸರ ಸಮಾಧಿ ಎಲ್ಲಿ ಎಂದು ನನ್ನ ಹರಕು ಕೊಂಕಣಿಯಲ್ಲಿ ಕೇಳಿದೆ. ಅಂಗಡಿಯವನಿಗೆ ಹೆಸರು ತಿಳಿಯಲಿಲ್ಲ. ಆರ್ಥೊಡಾಕ್ಸ್ ಚರ್ಚ್, ಬಿಷಪ್, ಎಂದೆಲ್ಲ ಬಿಡಿಸಿ ಹೇಳಿದ ಮೇಲೆ ಅವನ ಮುಖ ಅರಳಿತು.

'ಓ, ಕೇರಳದವರ ಚರ್ಚಾ?' ಎಂದು ಕೈ ತೋರಿಸಿದ. ಅಲ್ವಾರಿಸರು ಹುಟ್ಟಿದ ವೆರ್ಣ ಅಲ್ಲಿಂದ ಬಸ್ಸಿನಲ್ಲಿ ಹೋಗಿಬರುವಷ್ಟೇ ದೂರ.