ಹೆಸರು ಕೊಂಡು ಮಾರುವವರಿಗೆ

ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಕೊಂಡು ಮಾರುವುದು ತಪ್ಪಲ್ಲ. ‘ಮಾವು’, ‘ಮನೆ’ ಥರದ ಸಾಮಾನ್ಯ ಪದ ಹಿಡಿದು ಗಿರಾಕಿಗೆ ಕಾಯುವುದು ಬಡಾವಣೆಯಲ್ಲಿ ಸೈಟು ಕೊಂಡಿಟ್ಟಂತೆಯೇ. ಆದರೆ ಯಾರದೋ ಟ್ರೇಡ್‌ಮಾರ್ಕ್ ಹೆಸರು ಹಿಡಿದು ಅವರಿಗೇ ‘ಎರಡು ಲಕ್ಷ ಕೊಡಿ’ ಎಂದು ಇಮೇಲ್ ಹಾಕಿದರೆ, ಆ ಇಮೇಲೇ ದುರುದ್ದೇಶಕ್ಕೆ ಸಾಕ್ಷಿಯಾಗುತ್ತದೆ.

ಇಂಥ ವ್ಯಾಜ್ಯ ಬಗೆಹರಿಸಲು ಡಾಟ್ ಕಾಮ್‌ಗೆ ಇರುವುದು 1999ರ ಯುಡಿಆರ್‌ಪಿ ಎಂಬ ಅಂತರರಾಷ್ಟ್ರೀಯ ನಿಯಮ: ನೋಂದಣಿ, ಬಳಕೆ ಎರಡರಲ್ಲೂ ದುರುದ್ದೇಶ ಸಾಬೀತಾಗಬೇಕು. ಡಾಟ್ ಇನ್‌ಗೆ ಅಂಥದೇ ಭಾರತದ ನಿಯಮ, ಐಎನ್‌ಡಿಆರ್‌ಪಿ. ಅಲ್ಲಿ ಎರಡರಲ್ಲೊಂದು ಸಾಕು. (ಈ ವ್ಯತ್ಯಾಸ ಎಷ್ಟೋ ದಲ್ಲಾಳಿಗಳಿಗೇ ಗೊತ್ತಿಲ್ಲ!) ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾದ, ಇಂಟರ್ನೆಟ್ ಕಂಪನಿ ಸಿಫಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟು ಎಂದಿದೆ.

ಮಾರುವಾಗ ಹಣ ಎಸ್ಕ್ರೋಗೆ (ವ್ಯವಹಾರ ಮುಗಿಯುವವರೆಗೆ ಹಣ ಇಟ್ಟುಕೊಳ್ಳುವ ಮಧ್ಯವರ್ತಿ ಖಾತೆಗೆ) ಬಿದ್ದ ಮೇಲಷ್ಟೇ ಹೆಸರಿನ ಸಾಗಣೆ ತಡೆಯುವ ಲಾಕ್ ತೆಗೆದು, ಸಾಗಣೆಗೆ ಬೇಕಾದ ಗುಪ್ತ ಸಂಕೇತವಾದ ಆಥ್ ಕೋಡ್ ಕೊಡಿ. ಹೊಸದಾಗಿ ನೋಂದಾಯಿಸಿದ ಡಾಟ್ ಕಾಮ್ ಹೆಸರನ್ನು ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ (ಹೆಸರು ನೋಂದಾಯಿಸುವ ಕಂಪನಿಗೆ) ಸಾಗಿಸಲಾಗದು. ಅದನ್ನು ಕೊಳ್ಳುವವರಿಗೆ ಮುಂಚೆಯೇ ಹೇಳಿಬಿಡಿ.